ಬಣ್ಣ ಹಾರಿದ ಹತ್ತು ನಿಮಿಷ

"ಅಯ್ಯೋ! ಏನ್ರೀ ಮಾಡಿಬಿಟ್ರಿ!"

ಲ್ಯಾಬ್ ಬಾಗಿಲಲ್ಲೇ ಅವಳ ಕಾಲು ನಿಂತುಹೋಯಿತು.

ಅಕ್ಕನ ಫೋನ್ ಬಂತೆಂದು ಹತ್ತೇ ಹತ್ತು ನಿಮಿಷ ಆಚೆ ಹೋಗಿದ್ದಳು. ಆಗ ಕಡುಗೆಂಪಾಗಿದ್ದ ಅವಳ ಪ್ರಯೋಗದ ಫ್ಲಾಸ್ಕು ಈಗ ನೀರಿನಷ್ಟು ತಿಳಿ! ಅದರ ಪಕ್ಕದಲ್ಲಿ, ನಳಿಗೆಯ ತಿರುಪಿನ ಮೇಲೆ ಕೈಯಿಟ್ಟು ನಿಂತಿದ್ದವನು ಎರಡು ವಾರದ ಹಿಂದೆ ಪಕ್ಕದ ಲ್ಯಾಬಿಗೆ ಬಂದ ಸಂಶೋಧಕ. ಬಾಯಿ ಬಿಡುವುದೇ ಅಪರೂಪ, ಹಾಗಾಗಿ ಎಲ್ಲರ ಬಾಯಲ್ಲೂ ಅವನು 'ಮೌನಿ'. ಗಾಜಿನ ಗೋಡೆಯಾಚೆ ಅವನನ್ನು ಅವಳು ಕದ್ದು ನೋಡುತ್ತಿದ್ದದ್ದು ನಿಜ, ಮಾತಾಡಿದ್ದು ಮಾತ್ರ ಇದೇ ಮೊದಲು. ಎಂಥಾ ಮೊದಲು!

ಆ ಕೆಂಪು ಇರುವವರೆಗೆ ಒಳಗಿನ ಪಾಲಿಮರ್ ಸರಪಳಿಗಳಿಗೆ ಜೀವ. ಗಾಳಿಯೋ ತೇವವೋ ತಾಕಿದರೆ ಮುಗಿಯಿತು. ಜೀವವಿರುವಾಗಲೇ ಅವುಗಳ ತುದಿಗೆ ಹೈಡ್ರಾಕ್ಸಿಲ್ ಎಂಬ ಪರಮಾಣು ಗುಂಪನ್ನು ಅಂಟಿಸಬೇಕಿತ್ತು. ಇದೇ ಕೊನೆಯ ಅವಕಾಶ, ತಪ್ಪಿದರೆ ಪ್ರಾಜೆಕ್ಟ್ ಮುಚ್ಚುವುದೇ ಎಂದು ಗೈಡ್ ಹೇಳಿಯಾಗಿತ್ತು.

"ಅದು... ನಾನು..."

"ಏನೂ ಹೇಳ್ಬೇಡಿ! ನಾಲ್ಕು ತಿಂಗಳ ಕೆಲಸ ಕೊಂದುಹಾಕಿದ್ರಿ. ಹೋಗ್ರೀ ಆಚೆ!"

ಅವಳು ಅಳತೊಡಗಿದಳು. ಅವನು ತಲೆ ತಗ್ಗಿಸಿ ಹೊರಟ.

ಅದೇ ಸಿಟ್ಟಿನಲ್ಲಿ ಎರಡೂ ಲ್ಯಾಬ್ ನೋಡಿಕೊಳ್ಳುವ ಗೈಡ್‌ಗೆ ದೂರು ಬರೆದಳು. ಮರುದಿನವೇ ಅವನನ್ನು ಬೇರೆ ಊರಿನ ಶಾಖೆಗೆ ಕಳಿಸುವ ತೀರ್ಮಾನವಾಯಿತು. ನ್ಯಾಯ ಸಿಕ್ಕಿತು, ಖುಷಿಯಾಗಬೇಕಲ್ಲವೇ? ಎಲ್ಲಿಯ ಖುಷಿ! ಊಟ ಸೇರಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ.

"ಏನೇ ಇದು, ಅಂಗಾಲು ಸುಟ್ಟ ಬೆಕ್ಕಿನ ಥರ ಓಡಾಡ್ತಿದ್ದೀಯ?" ಅಕ್ಕ ರೇಗಿದಳು.

'ನಂಗೇ ಗೊತ್ತಿಲ್ಲ ಅಕ್ಕಾ...'

ಮೂರನೇ ದಿನ ಬೆಳಿಗ್ಗೆ ಆ ಫ್ಲಾಸ್ಕಿನದನ್ನು ಮೆಥನಾಲ್‌ಗೆ ಸುರಿದಳು. ಬಿಳಿ ಪುಡಿ ಇಳಿಯಿತು. ಎಸೆಯುವ ಮೊದಲು ಮನಸ್ಸು ತಡೆಯದೆ ಲೇಪ ಹಚ್ಚಿದ ಗಾಜಿನ ಪಟ್ಟಿಯ ಮೇಲೆ ಒಂದು ಚುಕ್ಕಿ ಇಟ್ಟು ಪರೀಕ್ಷೆ ಮಾಡಿದಳು. ಸತ್ತ ಸರಪಳಿಯಾದರೆ ಚುಕ್ಕಿ ಟಾಲ್ವೀನ್ ದ್ರಾವಕದ ಜೊತೆ ಪಟ್ಟಿಯಲ್ಲಿ ಮೇಲೇರಬೇಕು. ಏರಲಿಲ್ಲ! ಇನ್ನೊಮ್ಮೆ ಇಟ್ಟಳು. ಊಹೂಂ, ಇಟ್ಟಲ್ಲೇ ಕೂತಿತ್ತು.

ಅಂದರೆ... ತುದಿಗೆ ಹೈಡ್ರಾಕ್ಸಿಲ್ ಅಂಟಿದೆ!

ಫ್ಲಾಸ್ಕನ್ನು ತಿರುಗಿಸಿ ನೋಡಿದಳು. ಕತ್ತಿನ ಬಳಿ ಕೂದಲೆಳೆಯಂಥ ಬಿರುಕು, ಅದರ ಮೇಲೆ ಬೆರಳಿಂದ ಒತ್ತಿ ಬಳಿದ ಗ್ರೀಸು. ತುದಿಗೆ ಹೈಡ್ರಾಕ್ಸಿಲ್ ಸೇರಿಸಲೆಂದು ಅವಳೇ ಜೋಡಿಸಿಟ್ಟಿದ್ದ ಎಥಿಲೀನ್ ಆಕ್ಸೈಡ್ ನಳಿಗೆ ಖಾಲಿ. ಗಾಳಿ ನುಗ್ಗುವ ಮೊದಲೇ ಅವನು ಅದನ್ನು ಒಳಗೆ ಬಿಟ್ಟಿದ್ದ. ಸರಪಳಿ ಸತ್ತರೂ ಬಣ್ಣ ಹೋಗುತ್ತದೆ, ತುದಿ ಸರಿಯಾಗಿ ಕೂಡಿಕೊಂಡರೂ ಬಣ್ಣ ಹೋಗುತ್ತದೆ. ಇದನ್ನು ಜೂನಿಯರ್‌ಗಳಿಗೆ ಪಾಠ ಮಾಡುವವಳೇ ಅವಳು!

"ನನ್ನ ಬುದ್ಧಿಗೆ ಬೆಂಕಿ ಬೀಳ!"

ಮೊದಲು ಗೈಡ್ ಕೋಣೆಗೆ ಓಡಿದಳು. ಅಲ್ಲಿಂದ ಪಕ್ಕದ ಲ್ಯಾಬಿಗೆ. ಅವನು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ.

"ಯಾಕ್ರೀ ಹೇಳ್ಲಿಲ್ಲ?"

"ಬಿಟ್ರಾ ನೀವು? ಅದೂ ಅಲ್ದೆ ಅಳ್ತಿದ್ರಿ... ಅಳೋರ ಹತ್ರ ವಾದ ಮಾಡೋಕೆ ನಂಗೆ ಬರಲ್ಲ."

"ಬಿರುಕು ಬಿಟ್ಟಿದ್ದು ನಿಮಗೆ ಹೇಗೆ ಗೊತ್ತಾಯ್ತು?"

"ದಿನಾ ಆ ಕಡೆನೇ ನೋಡ್ತಿರ್ತೀನಲ್ಲ..." ಅವನ ಕಿವಿ ಕೆಂಪಾಯಿತು.

ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟು ತಡೆದಳು. "ದೂರು ವಾಪಸ್ ತಗೊಂಡೆ. ಗೈಡ್ ಹತ್ರ ಎಲ್ಲಾ ಹೇಳಿದೀನಿ. ನೀವು ಹೋಗ್ಬೇಕಾಗಿಲ್ಲ. ತಪ್ಪು ನಂದೇ... ಕ್ಷಮಿಸ್ತೀರಾ?"

"ಒಂದೇ ಷರತ್ತು. ಇನ್ಮೇಲೆ ಬೈಯೋ ಮುಂಚೆ ಒಂದು ಮಾತು ಕೇಳ್ಬೇಕು."

"ಈಗ್ಲೇ ಕೇಳ್ತೀನಿ..." ಅವಳು ಕಣ್ಣೊರೆಸಿಕೊಂಡಳು. "ನಾನಂದ್ರೆ ನಿಮಗೆ ಇಷ್ಟಾನಾ?"

"ತುಂಬಾ. ನಿಮಗೆ?"

ಅವಳು ಪೆಟ್ಟಿಗೆಯಿಂದ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಮತ್ತೆ ಅವನ ಮೇಜಿನ ಮೇಲೆ ಜೋಡಿಸತೊಡಗಿದಳು.