ಬೇವಿನ ಸೊಪ್ಪಿನ ವಾರದ ಹಾಜರಿ

"ಆಂಟಿ, ನನ್ನ ಹಾಜರಿ ಯಾರೋ ಕದ್ದಿದ್ದಾರೆ!"

ಶಿವಗಂಗಮ್ಮ ಒಗ್ಗರಣೆ ಸೌಟು ಹಿಡಿದೇ ಬಾಗಿಲಿಗೆ ಓಡಿ ಬಂದರು. ಹಿಂದಿನ ಪೋರ್ಷನ್ನಿನ ಬಾಡಿಗೆ ಹುಡುಗಿ ರೆಹೆಮಾ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ತಾಂಜಾನಿಯಾದಿಂದ ನರ್ಸಿಂಗ್ ಓದಲು ಬಂದು ಎರಡು ವರ್ಷ. ಬಸವೇಶ್ವರನಗರದ ಸೊಪ್ಪಿನವಳ ಜೊತೆ ಚೌಕಾಸಿ ಮಾಡುವಷ್ಟು ಕನ್ನಡ ಕಲಿತಿದ್ದಳು. ಸರ, ಪರ್ಸು, ಸ್ಕೂಟರು ಕಳುವಾಗುವುದನ್ನು ಶಿವಗಂಗಮ್ಮ ಕೇಳಿದ್ದರು. ಹಾಜರಿ ಕಳುವಾಗುವುದೆಂದರೇನು?

ವಿಷಯ ಇಷ್ಟು. ಓದುವ ವೀಸಾ ಮುಂದುವರಿಯಬೇಕಾದರೆ ಕಾಲೇಜಿನ ಹಾಜರಿ ಪತ್ರ ಬೇಕು. ನೂರಕ್ಕೆ ಎಪ್ಪತ್ತೈದು ಇರಲೇಬೇಕು. ಈ ವರ್ಷ ಕಾಲೇಜಿಗೆ ಹೊಸದಾಗಿ ಬಂದ ಬೆರಳಚ್ಚಿನ ಮೆಷಿನ್ ಪ್ರಕಾರ ರೆಹೆಮಾಳದು ನಲವತ್ತೊಂದು. ಶುಕ್ರವಾರದೊಳಗೆ ಪತ್ರ ಸಿಗದಿದ್ದರೆ ಓದನ್ನು ಅರ್ಧಕ್ಕೇ ಬಿಟ್ಟು ವಿಮಾನ ಹತ್ತಬೇಕು.

"ದಿನಾ ಬೆರಳು ಇಟ್ಟೆ ಆಂಟಿ. ದಿನಾ ಅದು ಥ್ಯಾಂಕ್ ಯೂ ಅಂತು!"

"ಪ್ರಿನ್ಸಿಪಾಲರು ಏನಂದ್ರು?"

"ಮನುಷ್ಯರು ಸುಳ್ಳು ಹೇಳ್ತಾರೆ, ಮೆಷಿನ್ ಹೇಳಲ್ಲ ಅಂದ್ರು."

ಶಿವಗಂಗಮ್ಮ ಸೌಟನ್ನು ಪಕ್ಕಕ್ಕಿಟ್ಟರು. ತಗ್ಗಿದ ದನಿಯಲ್ಲಿ ಕೇಳಿದರು: "ಆ ವಾರದ್ದು... ಹೇಳಿದೆಯೇನೇ?"

"ಇಲ್ಲ ಆಂಟಿ. ನಿಮಗೆ ಮಾತು ಕೊಟ್ಟಿದೀನಿ."

 ಇದು ತನ್ನಿಂದಲೇ ಆದ ಅನಾಹುತವೆಂದು ಶಿವಗಂಗಮ್ಮನಿಗೆ ಖಾತ್ರಿಯಾಗಿಹೋಯಿತು. ಆದರೂ ಬಾಯಿ ಬಿಡಲಿಲ್ಲ. ಮುಂದಿನ ಪೋರ್ಷನ್ನಿನ ಬಾಗಿಲು ತಟ್ಟಿದರು.

ಅಲ್ಲಿದ್ದವಳು ಗುರುದೇವಿ, ಗದಗ ಕಡೆಯ ಸಬ್ ಇನ್ಸ್‌ಪೆಕ್ಟರ್. ಹೊತ್ತುಗೊತ್ತಿಲ್ಲದ ಡ್ಯೂಟಿಯವಳು, ಮಾತು ಕಡಿಮೆ, ಮೂಗು ಮಾತ್ರ ಚುರುಕು. ಎಲ್ಲ ಕೇಳಿದ ಮೇಲೆ ಅಂದಳು: "ನಾಳೆ ಮುಂಜಾನೆ ಕಾಲೇಜಿಗೆ ಹೋಗೂಣು. ಅಮ್ಮಾರ, ನೀವೂ ಬರ್ರಿ."

"ನಾನ್ಯಾಕಮ್ಮ?"

"ಬರ್ರಿ."

ಪ್ರಿನ್ಸಿಪಾಲ್ ಏಕಾಂತಯ್ಯ ಕೆಟ್ಟವರಲ್ಲ, ಹೆದರುಪುಕ್ಕಲರು. "ನಾನೇನು ಈ ಹುಡುಗಿಯ ವೈರಿಯೇ ಮೇಡಂ? ಸುಳ್ಳು ಪತ್ರ ಕೊಟ್ಟರೆ ಕಾಲೇಜಿಗೇ ಬೀಗ ಬೀಳುತ್ತೆ."

"ಮೆಷಿನ್ ಯಾರ ಸುಪರ್ದಿನ್ಯಾಗ ಐತ್ರಿ?"

ಪಕ್ಕದಲ್ಲಿ ನಿಂತಿದ್ದ ಆಫೀಸ್ ಸೂಪರಿಂಟೆಂಡೆಂಟ್ ಸೇತುರಾಮ ವಿನಯದಿಂದ ಬಾಗಿದ. "ನನ್ನದೇ ಮೇಡಂ. ವರ್ಷದ ಶುರುವಿನಲ್ಲಿ ಎಲ್ಲರ ಬೆರಳೂ ನಾನೇ ಹಾಕಿಸಿದೆ. ಆಮೇಲೆ ಮುಟ್ಟಿಲ್ಲ. ಬೇಕಾದರೆ ಪರೀಕ್ಷೆ ಮಾಡಿಸಿ."

"ಮೆಷಿನ್ ಬಾಜೂಕ ಕೂಡಾವ್ರು ಯಾರು?"

ಅಟೆಂಡರ್ ವೆಂಕಟಸ್ವಾಮಿ ಬಂದ. ತಡವಾಗಿ ಬಂದಳೆಂದು ಒಮ್ಮೆ ರೆಹೆಮಾಳನ್ನು ಗೇಟಿನಲ್ಲೇ ನಿಲ್ಲಿಸಿ ಜಗಳವಾಡಿದ್ದವನು.

"ಈ ಹುಡುಗಿ ದಿನಾ ಬರ್ತಿದ್ಳೋ ಇಲ್ಲೋ?"

"ಎಂಬತ್ತು ಮಕ್ಕಳು ಮೇಡಂ, ಮುಖ ಯಾರು ನೋಡ್ತಾರೆ? ಅದು ಥ್ಯಾಂಕ್ ಯೂ ಅಂದ್ರೆ ಒಳಗೆ ಬಿಡ್ತೀನಿ."

"ಲೆಕ್ಚರರ್ ಹಾಜರಿ ಕೂಗೂದಿಲ್ಲೇನು?"

"ಮೆಷಿನ್ ಬಂದ ಮೇಲೆ ಅದನ್ನು ನಿಲ್ಲಿಸಿದೆವು," ಎಂದರು ಏಕಾಂತಯ್ಯ.

ಗುರುದೇವಿ ರೆಹೆಮಾಳ ಹಾಜರಿ ಹಾಳೆಯ ಮೇಲೆ ಬೆರಳಾಡಿಸಿದಳು. ಒಂದೆಡೆ ಬೆರಳು ನಿಂತಿತು. ಥಟ್ಟನೆ ತಿರುಗಿ ಕೇಳಿದಳು—

"ಅಮ್ಮಾರ, ಶಿವರಾತ್ರಿ ಆದ ಮರುವಾರ ನಿಮ್ಮ ಮನ್ಯಾಗ ಒಗ್ಗರಣಿ ಯಾಕ ಹಾಕಲಿಲ್ಲ?"

ಏಕಾಂತಯ್ಯ ಕಕ್ಕಾಬಿಕ್ಕಿಯಾದರು. ಶಿವಗಂಗಮ್ಮ ರೆಹೆಮಾಳ ಕಡೆ ನೋಡಿದರು.

"ನಿಮ್ಮ ಇಂಗಿನ ಘಮಕ್ಕ ದಿನಾ ನನ್ನ ಹಸಿವಿ ಕೆರಳತದ. ಆ ವಾರ ಸಪ್ಪನ್ನ, ಮೊಸರು. ಚುಂಯ್ ಅನ್ನೂ ಸದ್ದಿಲ್ಲ. ಯಾಕ?"

ರೆಹೆಮಾ ತಡೆಯಲು ಕೈ ಎತ್ತಿದಳು. ಆದರೆ ಶಿವಗಂಗಮ್ಮನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಈ ಮಗೂಗೆ ಅಮ್ಮ ಆಗಿತ್ತಮ್ಮ. ಮೈತುಂಬ ಗುಳ್ಳೆ. ಅಮ್ಮ ಬಂದ ಮನೇಲಿ ಒಗ್ಗರಣೆ ಹಾಕೋ ಹಾಗಿಲ್ಲ, ಡಾಕ್ಟರ ಹತ್ರ ಹೋಗೋ ಹಾಗಿಲ್ಲ ಅಂತ ನಾನೇ ಹಠ ಹಿಡಿದೆ. ಬೇವಿನ ಸೊಪ್ಪಿನ ಮೇಲೆ ಮಲಗಿಸಿ ಹೊಸಿಲು ದಾಟೋಕೆ ಬಿಡಲಿಲ್ಲ. ಪರದೇಶದವಳು ರೋಗ ತಂದಳು ಅಂತ ಬೀದಿಯವರು ಆಡ್ಕೋತಾರೆ, ಯಾರಿಗೂ ಹೇಳ್ಬೇಡ ಅಂತ ಭಾಷೆ ತಗೊಂಡೆ. ಡಾಕ್ಟರ ಚೀಟಿ ಇಲ್ಲ, ಏನಿಲ್ಲ. ಅವಳ ಹಾಜರಿ ಹೋಗಿದ್ದು ನನ್ನಿಂದ್ಲೇ ಕಣಮ್ಮ!"

"ಹೋಗಿಲ್ರಿ," ಎಂದಳು ಗುರುದೇವಿ. ಹಾಳೆಯನ್ನು ಮೇಜಿನ ಮೇಲೆ ಹರಡಿದಳು. "ಬಂದೈತಿ! ನೋಡ್ರಿ— ಅದೇ ವಾರ, ಸೋಮವಾರ ಹಾಜರ್. ಮಂಗಳವಾರ ಹಾಜರ್. ಗುರುವಾರನೂ ಹಾಜರ್."

ಏಕಾಂತಯ್ಯ ಎದ್ದು ಹಾಳೆಯ ಮೇಲೆ ಬಗ್ಗಿದರು.

"ನೀವೆಲ್ಲಾರೂ ಈಕಿ ಯಾವ ದಿನ ಬಂದಿಲ್ಲ ಅನ್ನೂದನ್ನ ನೋಡಿದ್ರಿ. ಯಾವ ದಿನ ಬಂದಾಳ ಅನ್ನೂದನ್ನ ಒಬ್ರೂ ನೋಡಲಿಲ್ಲ. ಬೇವಿನ ಸೊಪ್ಪಿನ ಮ್ಯಾಲ ಮಲಗಿದಾಕಿ ಇಲ್ಲಿ ಬಂದು ಹೆಂಗ ಬೆರಳು ಇಟ್ಳು? ನಡೀರಿ, ಮೆಷಿನ್ ಕಡೆ."

ರೆಹೆಮಾ ಬೆರಳಿಟ್ಟಳು. "ಥ್ಯಾಂಕ್ ಯೂ" ಎಂದಿತು ಮೆಷಿನ್. ಅಭ್ಯಾಸಬಲದಿಂದ ಅವಳು ಮುಂದೆ ಹೆಜ್ಜೆ ಹಾಕಿದಳು.

"ನಿಲ್ಲು! ದಿನಾ ಹಿಂಗ ಓಡಿಹೋಗ್ತಿದ್ದೆಲ್ಲ? ನಿನ್ನ ನಂಬರ್ ಎಷ್ಟು?"

"ನಲವತ್ತೆರಡು."

"ಪರದೆ ಮ್ಯಾಲ?"

ರೆಹೆಮಾ ಬಗ್ಗಿ ನೋಡಿದಳು. ಮತ್ತೊಮ್ಮೆ ನೋಡಿದಳು. "ಹದಿನೇಳು..."

"ಹದಿನೇಳು ಯಾರ್ರಿ?"

ಏಕಾಂತಯ್ಯ ಹಾಳೆಗಳನ್ನು ತಡಕಾಡಿದರು. "ಜಲಜಾ. ವರ್ಷವೆಲ್ಲ ಹಾಜರ್. ಆ ಶಿವರಾತ್ರಿಯ ಮರುವಾರ ಮಾತ್ರ ಪೂರ್ತಿ ಗೈರು!"

"ಜಲಜಾ?" ರೆಹೆಮಾ ಥಟ್ಟನೆ ತಿರುಗಿದಳು. "ಅವಳು ಬರೋದೇ ವಾರಕ್ಕೆ ಎರಡು ಮೂರು ದಿನ. ನೋಟ್ಸ್ ನಾನೇ ಬರೆದು ಕೊಡ್ತೀನಲ್ಲ. ನನ್ನ ಪಕ್ಕಾನೇ ಕೂತ್ಕೋತಾಳೆ."

ಗುರುದೇವಿ ನಿಧಾನವಾಗಿ ತಿರುಗಿದಳು. "ಸೇತುರಾಮ ಅವರ, ಬೆರಳು ಹಾಕಿಸಿದವ್ರು ನೀವು. ಈಕಿ ಬೆರಳು ಹದಿನೇಳಕ್ಕ, ಜಲಜಾನ ಬೆರಳು ನಲವತ್ತೆರಡಕ್ಕ ಜೋಡಿಸೀರಿ. ಜಲಜಾ ನಿಮಗೇನಾಗಬೇಕು?"

ಸೇತುರಾಮ ನೆಲ ನೋಡಿದ. ಉತ್ತರ ಕೊಟ್ಟವನು ವೆಂಕಟಸ್ವಾಮಿ. "ಅಕ್ಕನ ಮಗಳು ಮೇಡಂ."

ಸೇತುರಾಮನ ವಿನಯವೆಲ್ಲ ಕಳಚಿಬಿತ್ತು. "ಏನ್ ಮಾಡ್ಲಿ ಮೇಡಂ? ಅವಳಪ್ಪ ತೀರಿಹೋದ. ಲಗ್ಗೆರೆ ಕ್ಲಿನಿಕ್ಕಲ್ಲಿ ಹಗಲು ದುಡಿದು ತಮ್ಮಂದಿರನ್ನ ಸಾಕ್ತಿದಾಳೆ. ಹಾಜರಿ ಸಾಲದೆ ಹೋದ ವರ್ಷ ಪರೀಕ್ಷೆಗೆ ಕೂರಿಸಲಿಲ್ಲ."

"ಇರಲಿ. ಎಂಬತ್ತು ಮಂದ್ಯಾಗ ಈಕೀನ ಯಾಕ?"

ಸೇತುರಾಮ ಬಾಗಿಲ ಕಡೆ ನೋಡಿದ.

"ನಾ ಹೇಳತೀನಿ. ಉಳಿದವ್ರು ಸಿನಿಮಾ, ಮದುವಿ ಅಂತ ತಪ್ಪಸ್ತಾರ. ಈಕಿ ವೀಸಾದ ಅಂಜಿಕಿಗೆ ಒಂದು ದಿನಾನೂ ತಪ್ಪಸೂದಿಲ್ಲ. ಕದ್ರ ಇಂಥಾಕೀದ ಕದೀಬೇಕು ಅಂತ ನೀವು ಲೆಕ್ಕ ಹಾಕಿದ್ರಿ."

"ಅವಳಿಗೆ ಅವಳ ದೇಶ ಇದೆಯಲ್ಲ ಮೇಡಂ..." ಸೇತುರಾಮ ಗೊಣಗಿದ. "ಹೋದರೆ ಹೋಗ್ತಾಳೆ, ಅವಳಿಗೇನು ಅಂದ್ಕೊಂಡೆ."

ರೆಹೆಮಾ ಅಳಲಿಲ್ಲ. "ನಾನೂ ನರ್ಸ್ ಆಗೋಕೇ ಬಂದಿದ್ದು ಸಾರ್," ಎಂದಳು. "ಅಲ್ಲಿ ಹೋದ್ರೆ ನಾನು ಅರ್ಧ ನರ್ಸ್. ಅರ್ಧ ನರ್ಸ್ ಅಂತ ಯಾರೂ ಇಲ್ಲ."

ಏಕಾಂತಯ್ಯ ಅಲ್ಲೇ ಕೂತು ಪತ್ರ ಬರೆದರು. ಹದಿನೇಳರ ಲೆಕ್ಕವೇ ರೆಹೆಮಾಳದೆಂದು ತಿದ್ದಿ, ಬೇವಿನ ಸೊಪ್ಪಿನ ವಾರವನ್ನು ಗೈರೆಂದೇ ಹಿಡಿದರೂ ಹಾಜರಿ ಎಪ್ಪತ್ತೈದಕ್ಕೆ ಎಷ್ಟೋ ಮೇಲಿತ್ತು.  ಗುರುದೇವಿ ಸೇತುರಾಮನನ್ನು ಕರೆದುಕೊಂಡು ಸ್ಟೇಷನ್ನಿನ ಕಡೆ ಹೊರಟಳು.

ಶಿವಗಂಗಮ್ಮ ರೆಹೆಮಾಳ ಕೈ ಹಿಡಿದು ಮನೆಗೆ ಕರೆತಂದರು. ಒಲೆ ಹಚ್ಚಿದರು. ಎಣ್ಣೆಯಲ್ಲಿ ಸಾಸಿವೆ ಸಿಡಿಯಿತು, ಇಂಗು ಘಮ್ಮೆಂದಿತು. ಅವರಿಗೆ ಎಷ್ಟು ಸಂತೋಷವಾಗಿತ್ತೋ ಅಷ್ಟೇ ನಾಚಿಕೆಯೂ ಆಗಿತ್ತು.

ರೆಹೆಮಾ ಅಡುಗೆಮನೆಯ ಬಾಗಿಲಲ್ಲಿ ಕೂತು ಪತ್ರವನ್ನು ಒಳಗಿಡಲು ಚೀಲ ತೆರೆದಳು. ಅದರಲ್ಲಿ ಒಂದು ಕಟ್ಟು ಹಾಳೆಗಳಿದ್ದವು. ಈ ವಾರದ ಪಾಠವೆಲ್ಲ ಅವಳದೇ ದುಂಡು ಅಕ್ಷರದಲ್ಲಿ, ಮೇಲೆ ಜಲಜಾಳ ಹೆಸರು.

"ಇದನ್ನ ಏನ್ ಮಾಡ್ಲಿ ಆಂಟಿ? ಸೋಮವಾರ ಅವಳಿಗೆ ಟೆಸ್ಟ್ ಇದೆ."

ಶಿವಗಂಗಮ್ಮ ಸೌಟು ಹಿಡಿದೇ ಆ ಹಾಳೆಗಳ ಕಡೆ ತಿರುಗಿದರು. ಒಗ್ಗರಣೆ ಸೀಯತೊಡಗಿತು.