ಮೂಲೆಗುರುವಿನ ಹಸಿರು ದೀಪ

ಮುಷ್ಟಿಕಾಳಗದ ಐದನೆಯ ಸುತ್ತು ಮುಗಿದ ಗಂಟೆ ಬಡಿಯಿತು. ಸಾವಂತ್ರಿ ತನ್ನ ಮೂಲೆಗೆ ಬಂದು ಮಣೆಯ ಮೇಲೆ ಕುಸಿದಳು. ಮೂಲೆಯ ಕಂಬದಿಂದ ಎರಡು ಉಕ್ಕಿನ ತೋಳುಗಳು ಹೊರಬಂದವು. ಒಂದು ಅವಳ ಬಾಯಿಯ ಹಲ್ಲುಗವಸು ತೆಗೆದು ನೀರು ಕುಡಿಸಿತು. ಇನ್ನೊಂದು ಹುಬ್ಬಿನ ಮೇಲಿನ ಊತಕ್ಕೆ ತಣ್ಣನೆಯ ಬಿಲ್ಲೆಯನ್ನು ಒತ್ತಿ ಹಿಡಿಯಿತು. ಕಿವಿಯೊಳಗೆ ಕೂರಿಸಿದ ಕಡಲೆಕಾಳಿನಷ್ಟು ಗಾತ್ರದ ನುಡಿಗುಂಡಿ ಮಾತಾಡಿತು.

"ಏನೂ ಆಗಿಲ್ಲ ತಗೋ. ಮೂಗಿನ್ಯಾಗ ಉಸಿರು ತಗೊಂಡು ಬಾಯಾಗ ಬಿಡು. ಎದುರಿನಾಕಿ ಕಾಲು ಸತ್ತಾವ, ನೋಡಿದೇನು? ಬಲಗೈ ಮ್ಯಾಲಿಟ್ಕೊ, ಸಾಕು."

ಧ್ವನಿ ಅವಳ ಗುರು, ಗರಡಿಯ ವಸ್ತಾದ ದಸ್ತಗೀರಸಾಬರದು. ಮಾತಿನ ಕೊನೆಗೆ ಗಂಟಲು ಕೆರೆದುಕೊಳ್ಳುವ ಅವರ ರೂಢಿಯನ್ನೂ ಯಂತ್ರ ಬಿಟ್ಟಿರಲಿಲ್ಲ. ಆದರೆ ದಸ್ತಗೀರಸಾಬರು ಮೂಲೆಯಲ್ಲಿರಲಿಲ್ಲ. ಕಣದಿಂದ ದೂರ, ಮೇಲಂತಸ್ತಿನ ಗಾಜಿನ ಅಡ್ಡಗೋಡೆಯ ಹಿಂದೆ, ಯಂತ್ರವನ್ನು ರೂಪಿಸಿದ ಡಾ. ಸುಮನಾ ಕೆದಿಲಾಯರ ಪಕ್ಕದ ಕುರ್ಚಿಯಲ್ಲಿ ಕೂತು, ತಮ್ಮದೇ ಮಾತನ್ನು ತಮ್ಮ ಕಿವಿಯ ಗುಂಡಿಯಲ್ಲಿ ಕೇಳುತ್ತಿದ್ದರು. ಕೇಳಿದವರೇ ಎಡಗೈಯನ್ನು ಬೆನ್ನ ಹಿಂದೆ ಒಯ್ದು ಎರಡು ಬೆರಳು ಮಡಚಿದರು. ಅಲ್ಲಿ ಆ ಬೆರಳು ನೋಡುವವರು ಯಾರೂ ಇರಲಿಲ್ಲ.

ಮೂಲೆಗುರು ಎಂಬ ಈ ಯಂತ್ರ ಬಂದದ್ದು ಒಳ್ಳೆಯ ಉದ್ದೇಶಕ್ಕೇ. ಮುಷ್ಟಿಕಾಳಗದಲ್ಲಿ ಒಬ್ಬರ ಹಿಂದೊಬ್ಬರು ಹುಡುಗರು ಸತ್ತಾಗ ದೇಶವೇ ಕೇಳಿತ್ತು: ಪೆಟ್ಟು ತಿಂದವನಿಗೆ ಇನ್ನು ಸಾಕು ಎಂದು ಹೇಳಬೇಕಾದವರು ಯಾರು? ತರಬೇತುದಾರನಿಗೆ ಹೆಸರಿನ ಆಸೆ, ತಂದೆತಾಯಿಗೆ ಪದಕದ ಆಸೆ. ಆಸೆಯಿಲ್ಲದ್ದು ಯಂತ್ರವೊಂದೇ. ಹಾಗಾಗಿ ಮನುಷ್ಯರು ಮೂಲೆಗೆ ಕಾಲಿಡಬಾರದೆಂದು ಕಾಯ್ದೆ ಬಂತು. ಸ್ಪರ್ಧಿಯ ತಲೆಪಟ್ಟಿಯಲ್ಲಿ ಹೊಲಿದ ಮಿದುಳುಮಾಪಕ ತಲೆಬುರುಡೆಯೊಳಗಿನ ಒತ್ತಡ, ಕಣ್ಣಾಲಿಯ ಅದುರು, ಹೆಜ್ಜೆಯ ತೂಕ ಎಲ್ಲವನ್ನೂ ಅಳೆಯುತ್ತದೆ. ಆ ಅಳತೆಗಳಿಂದ ಮೂಲೆಗುರು ಎರಡು ಕೆಲಸ ಮಾಡುತ್ತದೆ. ಸ್ಪರ್ಧಿಯ ಕಿವಿಯಲ್ಲಿ ಬುದ್ಧಿ ಹೇಳುವುದು ಒಂದು. ಕಂಬದ ತುದಿಯ ದೀಪವನ್ನು ಹಸಿರು, ಹಳದಿ ಅಥವಾ ಕೆಂಪು ಮಾಡುವುದು ಇನ್ನೊಂದು. ಕೆಂಪಾದರೆ ಪಂದ್ಯ ನಿಂತಿತು. ಹಸಿರಿದ್ದರೆ ನಿಲ್ಲಿಸುವ ಹಕ್ಕು ತೀರ್ಪುಗಾರನಿಗೂ ಇಲ್ಲ.

ಆದರೆ ಬರೀ ಅಳತೆಯಿಂದ ಯಂತ್ರಕ್ಕೆ ಏನು ತಿಳಿದೀತು? ಯಾವ ಅಳತೆ ಮೈಕೈ ನೋವು, ಯಾವುದು ಜೀವಕ್ಕೆ ಕುತ್ತು ಎಂದು ಯಾರಾದರೂ ಕಲಿಸಬೇಕು. ಅದಕ್ಕಾಗಿ ಕೆದಿಲಾಯರು ಹುಬ್ಬಳ್ಳಿಗೆ ಬಂದು, ರೈಲು ಕಾರ್ಖಾನೆಯ ಹಿಂದಿನ ಹಳೆಯ ಗರಡಿಯಲ್ಲಿ ದಸ್ತಗೀರಸಾಬರನ್ನು ಹುಡುಕಿ ಹಿಡಿದಿದ್ದರು. ದೇಶದ ಅರ್ಧ ಪದಕಗಳು ಆ ಗರಡಿಯವು. ವರ್ಷಗಟ್ಟಲೆ ವಸ್ತಾದರ ಕೊರಳಪಟ್ಟಿಗೆ ಧ್ವನಿಗ್ರಾಹಕ, ಅವರ ಹುಡುಗ ಹುಡುಗಿಯರ ತಲೆಗೆ ಮಾಪಕ. ಇಂಥ ಅಳತೆ ಇದ್ದಾಗ ವಸ್ತಾದರು ಇಂಥ ಮಾತು ಹೇಳಿದರು; ಹೀಗೆ ಸಾವಿರಾರು ಜೋಡಿಗಳನ್ನು ಯಂತ್ರಕ್ಕೆ ಉಣಿಸಿದರು. ಅದು ಚೆನ್ನಾಗಿಯೇ ಉಂಡಿತ್ತು.

"ಡಾಕ್ಟರವ್ವಾರ," ಎಂದರು ದಸ್ತಗೀರಸಾಬರು. "ನಿಲ್ಲಸ್ರಿ ಆಟ."

ಕೆದಿಲಾಯರು ತೆರೆಯಿಂದ ಕಣ್ಣು ತೆಗೆಯಲಿಲ್ಲ. "ಯಾಕೆ ವಸ್ತಾದರೇ? ದೀಪ ಹಸಿರಿದೆ. ಅಂಕದಲ್ಲೂ ಅವಳೇ ಮುಂದಿದ್ದಾಳೆ. ಇನ್ನು ನಾಲ್ಕೈದು ಸುತ್ತು ನಿಂತರೆ ಏಷ್ಯಾ ಪಟ್ಟ ನಿಮ್ಮ ಗರಡಿಗೇ ಬರ್ತದೆ."

"ಪಟ್ಟಕ್ಕ ಬೆಂಕಿ ಹಚ್ಚ್ರಿ. ಸಾವಂತ್ರಿ ಬಲಗಾಲು ನೋಡ್ರಿ, ಎಳೀತೈತಿ. ನನ್ನ ದನ್ಯಾಗ ಯಂತ್ರ ಏನಂತು ಈಗ? ಏನೂ ಆಗಿಲ್ಲ ಅಂತು. ಹೌದಿಲ್ಲೋ?"

"ಹೌದು. ಅಂದರೆ ಏನೂ ಆಗಿಲ್ಲ."

"ಅಂದ್ರ ಭಾಳ ಆಗೇತಿ!"

ಆರನೆಯ ಸುತ್ತಿನ ಗಂಟೆಯಾಯಿತು. ಕಣದಲ್ಲಿ ಸಾವಂತ್ರಿ ಎದ್ದು ನಿಂತು, ಯಾವ ಕಡೆ ಹೋಗಬೇಕೆಂದು ಮರೆತವಳಂತೆ ಒಂದು ಕ್ಷಣ ತಡೆದು, ಆಮೇಲೆ ಮುನ್ನುಗ್ಗಿದಳು. ಜನ ಕೂಗಿತು. ಎದುರಾಳಿ ರೋಹತಕದ ಎತ್ತರದ ಹುಡುಗಿ. ಅವಳ ಎಡಮುಷ್ಟಿ ಬಂದಾಗ ಸಾವಂತ್ರಿ ತಲೆ ತಗ್ಗಿಸಲು ತಡಮಾಡಿದಳು.

ಈ ಸಾವಂತ್ರಿಯನ್ನು ಅವಳ ತಾಯಿ ಗರಡಿಗೆ ಎಳೆದು ತಂದು ಬಿಟ್ಟಾಗ ಅವಳ ಹಾಲುಹಲ್ಲು ಇನ್ನೂ ಪೂರಾ ಬಿದ್ದಿರಲಿಲ್ಲ. "ಇಕಿ ಕೈ ಸುಮ್ಮನಿರಂಗಿಲ್ರೀ ವಸ್ತಾದ್ರ. ಓಣಿಯಾಗಿನ ಎಲ್ಲಾ ಹುಡುಗ್ರ ಮೂಗು ಒಡದಾಳ. ನೀವ ಏನರ ಮಾಡ್ರಿ," ಎಂದು ಕೈಮುಗಿದು ಹೋಗಿದ್ದಳು ಆಕೆ, ಗುಜರಿ ಆಯುವ ಹೆಂಗಸು. ದಸ್ತಗೀರಸಾಬರು ಆ ಕೈಗಳಿಗೆ ಬುದ್ಧಿ ಕಲಿಸಿದರು. ಅವರ ಹೆಂಡತಿ ಹಾಜರಾಬಿ ಆ ಹೊಟ್ಟೆಗೆ ರೊಟ್ಟಿ ಹಾಕಿದಳು.

"ಬಿಡಿಸಿ ಹೇಳಿ," ಎಂದರು ಕೆದಿಲಾಯರು. ಈಗ ಅವರು ವಸ್ತಾದರ ಕಡೆ ಪೂರ್ತಿ ತಿರುಗಿದ್ದರು.

"ಏನ್ ಬಿಡಿಸ್ಲಿ? ಮೂಲ್ಯಾಗ ಕುಂತ ಮಗೀಗೆ ನಿನ್ನ ತಲಿ ಒಡದೈತಿ ಅಂತ ಯಾರರ ಹೇಳ್ತಾರೇನ್ರಿ? ಎದಿ ಒಡಕೊಂಡು ಅಲ್ಲೇ ಬೀಳ್ತಾವ. ಅದಕ್ಕ ಬಾಯಾಗ ಏನೂ ಆಗಿಲ್ಲ ಅನ್ನೂದು. ಹಿಂದ ಕೈಲೆ ಹಾಜರಾಬಿಗೆ ಖರೇ ಹೇಳೂದು. ಒಂದು ಬೆರಳು ಮಡಚಿದ್ರ ಬರ್ಫ ಒತ್ತಿ ತಂಪು ಮಾಡು. ಎರಡು ಮಡಚಿದ್ರ ಟವೆಲ್ ಕಣದಾಗ ಒಗಿ, ಆಟ ಮುಗಸು ಅಂತ."

"ಹಾಜರಾಬಿಗೆ?"

"ಹೂಂ. ಟವೆಲ್ ನಾ ಒಗೀತಿದ್ದಿಲ್ಲ. ನಾ ಒಗದ್ರ ಹುಡುಗ್ರು ನನ್ನ ಮ್ಯಾಲ ಸಿಟ್ಟಾಗ್ತಾರ, ನಾಳಿಂದ ನನ್ನ ಮಾತು ಕೇಳಂಗಿಲ್ಲ. ಅದಕ್ಕ ಅಕೀನ ಒಗೀತಿದ್ಲು. ಬೀಬವ್ವ ಅಂಜಬುರುಕಿ, ಬೀಬವ್ವ ನಮ್ಮ ಬಾಯಾಗ ಮಣ್ಣು ಹಾಕಿದ್ಲು ಅಂತ ಎಲ್ಲಾರೂ ಅಕೀನ ಬೈತಿದ್ರು. ಅಕಿ ಬೈಸ್ಕೊಂತ ಅವರಿಗೇ ಊಟಕ್ಕ ಹಾಕ್ತಿದ್ಲು."

ಕೆದಿಲಾಯರ ಮುಖ ಬಿಳಿಚಿತು.

"ಆ ಪಂದ್ಯಗಳನ್ನು ನಾವು ತೆಗೆದುಹಾಕಿದೆವು," ಎಂದರು. "ಟವೆಲ್ ಬಿದ್ದ ಪಂದ್ಯ ಒಂದನ್ನೂ ಯಂತ್ರಕ್ಕೆ ಕಲಿಸಲಿಲ್ಲ. ಗುರು ನಿಲ್ಲಿಸಿದ್ದಲ್ಲ, ಹೆಂಡತಿ ಗಾಬರಿಬಿದ್ದು ನಿಲ್ಲಿಸಿದ್ದು ಅಂತ ನಾನೇ ಹೇಳಿದ್ದೆ. ಉಳಿದದ್ದರಲ್ಲಿ ನೀವು ಏನೂ ಆಗಿಲ್ಲ ಅಂದಾಗಲೆಲ್ಲ ನಿಜವಾಗಿ ಏನೂ ಆಗಿಲ್ಲ ಅಂತಲೇ ಬರೆಸಿದೆವು. ಅಯ್ಯೋ ದೇವರೇ. ಮಗುವಿಗೆ ಹುಲಿ ತೋರಿಸಿ ಬೆಕ್ಕು ಅಂತ ಹೇಳಿಕೊಟ್ಟ ಹಾಗಾಯಿತು."

"ಅದರ ಮಾತು ಆಮ್ಯಾಲ. ಈಗ ಆಟ ನಿಲ್ಲಸ್ರಿ."

ಕೆದಿಲಾಯರು ಪಂದ್ಯ ನಡೆಸುವ ಮಂಡಳಿಯವರಿಗೆ ಕರೆ ಮಾಡಿದರು. ದೀಪದ ತೀರ್ಮಾನವನ್ನು ಪ್ರಶ್ನಿಸುವುದಾದರೆ ಪಂದ್ಯ ಮುಗಿದ ಮೇಲೆ ಅರ್ಜಿ ಕೊಡಬಹುದೆಂದು ಅತ್ತ ಕಡೆಯ ಧ್ವನಿ ಸೌಜನ್ಯದಿಂದ ತಿಳಿಸಿತು. ಕೆದಿಲಾಯರು ಕೂಗಾಡಿದರು. ಧ್ವನಿ ಮತ್ತೂ ಸೌಜನ್ಯದಿಂದ ಅದನ್ನೇ ಹೇಳಿತು. ಅಷ್ಟರಲ್ಲಿ ಆರನೆಯ ಸುತ್ತು ಮುಗಿಯಿತು. ಸಾವಂತ್ರಿ ಮೊದಲು ಎದುರಾಳಿಯ ಮೂಲೆಯತ್ತ ನಡೆದು, ಜನ ನಕ್ಕಾಗ ಹಿಂದಿರುಗಿದಳು.

"ಒಂದು ದಾರಿ ಇದೆ," ಎಂದರು ಕೆದಿಲಾಯರು. "ಪರೀಕ್ಷೆಗೆಂದು ಇಟ್ಟ ಒಳದಾರಿ. ಇದನ್ನು ತೆರೆದರೆ ನಿಮ್ಮ ಮಾತೇ ನೇರ ಅವಳ ಕಿವಿಗೆ ಹೋಗ್ತದೆ. ನನ್ನ ಕೆಲಸ ಹೋದರೆ ಹೋಗಲಿ. ಮಾತಾಡಿ."

ದಸ್ತಗೀರಸಾಬರು ಬಾಗಿ ಧ್ವನಿಗ್ರಾಹಕದ ಹತ್ತಿರ ಬಾಯಿಟ್ಟರು. "ಸಾವಂತ್ರಿ. ಸಾಕವ್ವಾ. ಏಳಬ್ಯಾಡ. ಮನಿಗೆ ಹೋಗೂಣು ನಡಿ."

ದೊಡ್ಡ ತೆರೆಯ ಮೇಲೆ ಸಾವಂತ್ರಿಯ ಮುಖ ಕಾಣುತ್ತಿತ್ತು. ಅದು ಬಾತ ತುಟಿಯಲ್ಲೇ ನಕ್ಕಿತು. ಅವಳ ಮಾತು ಅವರ ಕಿವಿಯ ಗುಂಡಿಗೆ ಬಂತು. "ಯಾಕ್ರಿ ವಸ್ತಾದ್ರ, ದಿಲ್ಲ್ಯಾಗೂ ಹಿಂಗ ಅಂದಿದ್ರಿ. ಸಾಕು, ಮನಿಗೆ ನಡಿ, ಬಾಂಡೆ ತಿಕ್ಕು ಅಂದಿದ್ರಿ. ಆಮ್ಯಾಲ ಎದುರಿನಾಕೀನ ಮಲಗಿಸಿದ್ನಿಲ್ಲೋ?"

"ಅವತ್ತು ನಿನ್ನ ಕೆಣಕಾಕ ಅಂದಿದ್ದೆ. ಇದು ಖರೇ. ಖುದಾನ ಆಣಿ, ಖರೇ ಹೇಳಾಕತ್ತೀನಿ."

"ಮೈಸೂರಾಗೂ ಆಣಿ ಮಾಡಿದ್ರಿ." ಅವಳ ಮಾತು ತೊದಲುತ್ತಿತ್ತು, ನಾಲಿಗೆ ದಪ್ಪಗಾದಂತೆ. "ಕೆಣಕ್ರಿ, ಕೆಣಕ್ರಿ. ಭಾಳ ಛಲೋ ಅನಸ್ತೈತಿ."

"ನಾ ಯಂತ್ರ ಅಲ್ಲವ್ವಾ. ನಾನ, ದಸ್ತಗೀರ. ಮ್ಯಾಲ ಗಾಜಿನ ಖೋಲ್ಯಾಗ ಕುಂತೀನಿ. ನೋಡಿಲ್ಲೆ!"

ಅವಳು ನೋಡಲಿಲ್ಲ. ಹಲ್ಲುಗವಸು ಕಚ್ಚಿ ಏಳನೆಯ ಸುತ್ತಿಗೆ ಎದ್ದಳು. ದಸ್ತಗೀರಸಾಬರು ಇನ್ನೂ ಏನೋ ಹೇಳಲು ಬಾಯಿ ತೆರೆದರು. ಬೈಗುಳ, ಬೇಡಿಕೆ, ಆಣೆ, ಅಳು, ಒಂದೊಂದನ್ನೂ ಅವರು ಒಂದೊಂದು ಪಂದ್ಯ ಗೆಲ್ಲಿಸಲು ಖರ್ಚು ಮಾಡಿದ್ದರು. ನಿಜ ಹೇಳುವುದಕ್ಕೆಂದು ಒಂದು ಮಾತನ್ನೂ ಉಳಿಸಿಕೊಂಡಿರಲಿಲ್ಲ.

ಅವರು ಓಡಿದರು. ಎಪ್ಪತ್ತು ದಾಟಿದ ಮಂಡಿಗಳು ಮೆಟ್ಟಿಲು ಮೆಟ್ಟಿಲಿಗೂ ಕಿರುಗುಟ್ಟಿದವು. ಹಿಂದೆ ಕೆದಿಲಾಯರು ಕಾವಲಿನವರಿಗೆ ತಮ್ಮ ಗುರುತಿನ ಬಿಲ್ಲೆ ತೋರಿಸುತ್ತ, "ಬಿಡಿ ಅವರನ್ನು, ಬಿಡ್ರಪ್ಪಾ!" ಎಂದು ಕೂಗುತ್ತ ಬಂದರು. ಕಣದ ಹಗ್ಗದ ಬಳಿ ಬಂದ ದಸ್ತಗೀರಸಾಬರು ಹೆಗಲ ಮೇಲಿನ ಟವೆಲನ್ನು ಎಳೆದು ಒಳಗೆ ಎಸೆದರು. ಅದು ತೀರ್ಪುಗಾರನ ಕಾಲ ಬುಡದಲ್ಲೇ ಬಿತ್ತು.

ತೀರ್ಪುಗಾರ ಚಿಕ್ಕ ವಯಸ್ಸಿನವನು, ಕಾಯ್ದೆ ಬಂದ ಮೇಲೆ ಪರೀಕ್ಷೆ ಪಾಸಾದವನು. ಅವನು ಟವೆಲನ್ನು ನೋಡಿದ, ಕಂಬದ ದೀಪವನ್ನು ನೋಡಿದ. ಹಸಿರು. ಯಾರೋ ಅಭಿಮಾನಿ ಉತ್ಸಾಹದಲ್ಲಿ ಒಗೆದದ್ದೆಂದು ತಿಳಿದು, ಕಾಲು ಜಾರಬಾರದಲ್ಲ ಎಂದು ಎತ್ತಿ ಹೊರಗೆ ಹಾಕಿದ. ಹತ್ತಿರ ಕೂತವರು ಚಪ್ಪಾಳೆ ತಟ್ಟಿದರು. ಅಷ್ಟು ದೊಡ್ಡ ಸಭೆಯಲ್ಲಿ ಕಣಕ್ಕೆ ಬಿದ್ದ ಟವೆಲಿನ ಅರ್ಥ ನೆನಪಿದ್ದವರು ಬಹುಶಃ ಹೆಚ್ಚಿರಲಿಲ್ಲ.

ದಸ್ತಗೀರಸಾಬರು ಹಗ್ಗದ ಕೆಳಗೆ ನುಸುಳಿದರು.

ಮನುಷ್ಯ ಕಣಕ್ಕೆ ಕಾಲಿಟ್ಟರೆ ಆ ಕಡೆಯ ಸ್ಪರ್ಧಿ ಸೋತಂತೆ, ಅದು ಕಾಯ್ದೆ. ಸೈರನ್ ಕೂಗಿತು. ರೋಹತಕದ ಹುಡುಗಿ ತಕ್ಷಣ ಕೈ ಇಳಿಸಿ ಹಿಂದೆ ಸರಿದಳು. ಸಾವಂತ್ರಿ ಸರಿಯಲಿಲ್ಲ. "ಇಳೀರಿ ವಸ್ತಾದ್ರ! ನಾ ಗೆಲ್ಲಾಕತ್ತೀನಿ! ನನ್ನ ಬಾಯಾಗ ಮಣ್ಣು ಹಾಕಬ್ಯಾಡ್ರಿ!" ಎಂದು ಕಿರುಚಿದಳು, ಅವರ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು. ಮೊದಲ ಗುದ್ದಿಗೆ ಅವರು ಗೋಡೆಯಂತೆ ನಿಂತರು. ಎರಡನೆಯದರಲ್ಲಿ ಬಲವೇ ಇರಲಿಲ್ಲ. ಮೂರನೆಯದು ಬರಲಿಲ್ಲ, ಅವಳು ಅವರ ತೋಳಿನ ಮೇಲೆ ಒರಗಿ ಹಾಗೇ ಕೆಳಗೆ ಜಾರಿದಳು.

ಸ್ಟ್ರೆಚರ್ ಬಂತು. ಅವಳ ಕಿವಿಯ ನುಡಿಗುಂಡಿ ಸಣ್ಣಗೆ ಹೇಳುತ್ತಲೇ ಇತ್ತು: "ಶಾಭಾಶ್. ಇನ್ನ ಸ್ವಲ್ಪ. ಅಕಿ ಕಾಲು ಸತ್ತಾವ." ಕೆದಿಲಾಯರು ಮೊಣಕಾಲೂರಿ ಅದನ್ನು ಕಿತ್ತು ತೆಗೆದರು. ಅವಳನ್ನು ಹೊತ್ತೊಯ್ದ ಮೇಲೂ ಕಂಬದ ತುದಿಯಲ್ಲಿ ದೀಪ ಹಸಿರಾಗೇ ಉರಿಯುತ್ತಿತ್ತು.

ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಇನ್ನೊಂದು ಸುತ್ತು ಆಡಿದ್ದರೆ ನಮ್ಮ ಕೈಗೆ ಕೊಡಲು ಏನೂ ಇರುತ್ತಿರಲಿಲ್ಲ ಎಂದರು ವೈದ್ಯರು. ಜೀವ ಉಳಿಯಿತು. ಬಲಗೈ, ಬಲಗಾಲು ಮಾತ್ರ ಮಾತು ಕೇಳಲಿಲ್ಲ.

ಹಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಕೆದಿಲಾಯರು ಆಸ್ಪತ್ರೆಗೆ ಬಂದರು. ದೇಶದ ಎಲ್ಲ ಮೂಲೆಗಳಿಂದ ಯಂತ್ರವನ್ನು ಹಿಂದಕ್ಕೆ ಪಡೆದಿದ್ದರು. ಹೊಸದೊಂದನ್ನು ಕೂರಿಸಿ ನೋಡಿದ್ದರು. ಅದು ಅಳೆದದ್ದನ್ನು ಅಳೆದಂತೆಯೇ ಹೇಳುತ್ತಿತ್ತು: ನಿನ್ನ ಪಕ್ಕೆಲುಬು ಬಿರುಕುಬಿಟ್ಟಿದೆ, ನೀನು ಅಂಕದಲ್ಲಿ ಹಿಂದಿದ್ದೀಯ, ನಿನ್ನ ಎದುರಾಳಿ ದಣಿದಿಲ್ಲ.

"ಯಾರೂ ಮಣೆಯಿಂದ ಏಳ್ತಾ ಇಲ್ಲ ವಸ್ತಾದರೇ," ಎಂದರು ಕೆದಿಲಾಯರು, ಹೊರಗಿನ ಬೆಂಚಿನ ಮೇಲೆ ಕೂತು. "ಎದ್ದರೂ ಅಳುತ್ತ ಏಳ್ತಾರೆ. ಹಳೇ ಧ್ವನಿಯನ್ನೇ ಹಾಕಿಕೊಡಿ, ಸುಳ್ಳಾದರೂ ಚಿಂತೆಯಿಲ್ಲ ಅಂತ ಬೇಡ್ತಾರೆ. ನೀವು ಹಳೆಯ ಧ್ವನಿಸುರುಳಿಗಳನ್ನು ಮತ್ತೊಮ್ಮೆ ಕೇಳಿ, ಯಾವುದು ನಿಜ, ಯಾವುದು ಸುಳ್ಳು ಅಂತ ಗುರುತು ಹಾಕಿಕೊಟ್ಟರೆ…"

"ಬರೇ ದನಿ ಕೇಳಿ ನನಗೂ ತಿಳಿಯಂಗಿಲ್ರೀ," ಎಂದರು ದಸ್ತಗೀರಸಾಬರು. "ಹೇಳೂಮುಂದ ನಾನೂ ಅದನ್ನ ನಂಬೇ ಹೇಳ್ತಿದ್ದೆ. ಖರೇ ಏನಿತ್ತು ಅನ್ನೂದು ಹಾಜರಾಬಿಗೆ ಗೊತ್ತಿತ್ತು. ಅಕಿ ಹೋಗಿ ಮೂರು ವರ್ಷಾತು."

ಒಳಗಿನಿಂದ ಸಾವಂತ್ರಿ ಕರೆದಳು. ಅವರು ಹೋಗಿ ಮಂಚದ ಬದಿಗೆ ಕೂತರು. ಬೋಳಿಸಿದ ತಲೆಯಲ್ಲಿ ಕೂದಲು ಹುಲ್ಲಿನ ಮೊಳಕೆಯಂತೆ ಚಿಗುರುತ್ತಿತ್ತು. ಇಷ್ಟು ದಿನ ಅವಳು ಅವರೊಡನೆ ಮಾತಾಡಿರಲಿಲ್ಲ.

"ಡಾಕ್ಟರವ್ವ ಎಲ್ಲಾ ಹೇಳಿದ್ರು," ಎಂದಳು. "ಬೀಬವ್ವಗ ಎಷ್ಟು ಬೈದಿದ್ದೆ ನಾ. ಸಾಯೂಮುಂದ ಸೈತ ಮಾತಾಡಸ್ಲಿಲ್ಲ."

ಅವರು ಅವಳ ಹೊದಿಕೆ ಸರಿಮಾಡಿದರು.

"ಈ ಕಾಲು ಮತ್ತ ಬರತೈತೇನ್ರಿ?"

"ಗೊತ್ತಿಲ್ಲವ್ವಾ."

ಅವಳು ಮುಖ ಗೋಡೆಗೆ ತಿರುವಿದಳು. ಎಡಗೈಯಿಂದ ಅವರ ಅಂಗಿಯ ತೋಳನ್ನು ಹಿಡಿದು ಎಳೆದಳು. "ಎಲ್ಲಾರೂ ಗೊತ್ತಿಲ್ಲ ಅಂತಾರ. ಡಾಕ್ಟರ್ ಗೊತ್ತಿಲ್ಲ, ನರ್ಸ್ ಗೊತ್ತಿಲ್ಲ, ಯಂತ್ರ ಗೊತ್ತಿಲ್ಲ. ನೀವರ ಒಂದು ಸುಳ್ಳು ಹೇಳ್ರೀ ವಸ್ತಾದ್ರ. ನನಗ ಸುಳ್ಳು ಅಂತ ಗೊತ್ತೈತಿ. ಆದ್ರೂ ಹೇಳ್ರೀ."

ಬಾಗಿಲಲ್ಲಿ ಕೆದಿಲಾಯರು ನಿಂತಿದ್ದರು.

"ನಾಳೆ ಮುಂಜಾನೆ ಓಡಾಕ ಹೋಗೂದೈತಿ," ಎಂದರು ದಸ್ತಗೀರಸಾಬರು, ಗರಡಿಯಲ್ಲಿ ಗದರುವ ದನಿಯಲ್ಲೇ. "ತಡಾ ಮಾಡಿ ಎದ್ರ ನೀರು ಸುರುವತೀನಿ, ಹೇಳಿರ್ತೀನಿ."

"ಎಲ್ಲಿತನಕ?"

"ಉಣಕಲ್ ಕೆರಿತನಕ."

ಸಾವಂತ್ರಿ ಕಣ್ಣು ಮುಚ್ಚಿದಳು. ತೋಳು ಹಿಡಿದ ಕೈಯನ್ನು ಬಿಡಲಿಲ್ಲ.

"ಅಷ್ಟೇನ್ರಿ?" ಎಂದಳು.