ಸದ್ದಿಲ್ಲದ ಗೇರ್‌ಬಾಕ್ಸ್

ಬೆಳಿಗ್ಗೆ ಒಂಬತ್ತೂಕಾಲಿಗೆ ಆಲ್ಕೊಳ ಸರ್ಕಲ್ಲಿನಲ್ಲಿ ನನ್ನ ಎಲೆಕ್ಟ್ರಿಕ್ ವೀಲ್‌ಚೇರ್ ನಿಂತೇಬಿಟ್ಟಿತು. ತಿಂಗಳಲ್ಲಿ ಇದು ಮೂರನೇ ಸಲ. ಯಾರೋ ಇಬ್ಬರು ಬದಿಗೆ ತಳ್ಳಿ, "ಪಾಪ" ಅಂದು ಹೋದರು. ಆ ಮಾತು ಕೇಳಿದರೆ ನನಗೆ ಮೈಯೆಲ್ಲಾ ಉರಿಯುತ್ತದೆ.

ನವುಲೆಯ ಒಂದು ಖಾಸಗಿ ಲೈಬ್ರರಿಯಲ್ಲಿ ನನ್ನ ಕೆಲಸ. ಹತ್ತಕ್ಕೆ ಬಾಗಿಲು ತೆಗೆಯಬೇಕು. "ಇನ್ನೊಂದು ದಿನ ಲೇಟಾದ್ರೆ ಬೇರೆಯವರನ್ನ ನೋಡ್ಕೋತೀನಿ ಸುಮನಾ" ಎಂದು ಲೈಬ್ರರಿ ನಡೆಸುವ ಭವಾನಿ ಮೇಡಂ ಮೊನ್ನೆಯೇ ಹೇಳಿದ್ದರು. ಹಿಂದಿನ ಎರಡು ಸಲದಂತೆ ವಿಶ್ವಾರಾಧ್ಯನಿಗೇ ಫೋನ್ ಮಾಡಿದೆ.

ಅವನು ಭದ್ರಾವತಿಯ ಲೇತ್ ಅಂಗಡಿಯಲ್ಲಿ ಕೆಲಸ ಕಲಿತು, ಮಲವಗೊಪ್ಪದಲ್ಲಿ ಲಾರಿ ಗೇರ್‌ಬಾಕ್ಸ್ ರಿಪೇರಿ ಮಾಡುವವನು. ನನ್ನ ಚೇರ್ ಗುರ್ ಎಂದರೆ ಓದುವವರೆಲ್ಲ ತಲೆಯೆತ್ತಿ ನೋಡುತ್ತಾರೆಂದು ಗೊಣಗಿದ್ದಕ್ಕೆ, ಹೋದ ತಿಂಗಳು ಅದರ ಎರಡೂ ಗೇರ್‌ಬಾಕ್ಸ್ ಬಿಚ್ಚಿ, ಸದ್ದೇ ಬರದಂತೆ ಮಾಡಿಕೊಟ್ಟಿದ್ದ. ಅಂದಿನಿಂದ ಅವನು ಬರುತ್ತಾನೆಂದರೆ ನಾನು ಕೂದಲು ಸರಿಮಾಡಿಕೊಳ್ಳುತ್ತಿದ್ದೆ. ಸುಳ್ಳೇಕೆ ಹೇಳಲಿ?

ಲಗೇಜ್ ಆಟೋದಲ್ಲಿ ಬಂದವನು ಎಂದಿನಂತೆ ನಗಲಿಲ್ಲ. ಹಲಗೆ ಇಟ್ಟು ಚೇರ್ ಹತ್ತಿಸುವಾಗ ನನ್ನ ಮುಖವನ್ನೂ ನೋಡಲಿಲ್ಲ.

"ಒಂದು ಚಾರ್ಜಿಗೆ ಹನ್ನೆರಡು ಕಿಲೋಮೀಟರ್ ಓಡ್ತಿದ್ದದ್ದು ಈಗ ಆರಕ್ಕೇ ಸುಸ್ತು. ಯಾಕ್ರೀ?"

"ಗ್ರೀಸು," ಅಂದ. "ಸದ್ದು ಹೋಗ್ಲಿ ಅಂತ ಲಾರಿಗೆ ಹಾಕೋ ಗಟ್ಟಿ ಗ್ರೀಸ್ ತುಂಬಿದ್ದೆ. ಮೋಟಾರ್ ಶಕ್ತಿ ಅರ್ಧ ಅದನ್ನ ಕಡೆಯೋದಕ್ಕೇ ಹೋಗ್ತಿದೆ."

"ನಿಮಗೆ ಯಾವಾಗ ಗೊತ್ತಾಯ್ತು?"

ಕೈ ಒರೆಸುವ ಬಟ್ಟೆಯನ್ನು ತಿರುಚುತ್ತಾ ನಿಂತ. "ಮೊದಲನೇ ಸಲ ನಿಂತಾಗಲೇ."

"ಮತ್ತೆ ಯಾಕೆ ಸರಿ ಮಾಡ್ಲಿಲ್ಲ?"

"ಸರಿ ಮಾಡಿದ್ರೆ ನೀವು ಫೋನ್ ಮಾಡಲ್ವಲ್ಲ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಕರಗಿ ಹೋಗುತ್ತಿದ್ದೆನೇನೋ. ಅಂದು ಚೇರಿನ ಕೈಯನ್ನು ಗುದ್ದಿದೆ. "ನಾನು ಇಷ್ಟ ಅಂತ ನನ್ನನ್ನ ನಡುರಸ್ತೇಲಿ ನಿಲ್ಲಿಸ್ತೀರಾ? ನನಗಿರೋ ಕಾಲು ಇದೊಂದೇ ರೀ."

ಅವನ ಕಣ್ಣು ತುಂಬಿತು. ಆಟೋ ಓಡಿಸಿದ್ದು ಮಾತ್ರ ಜೋರಾಗಿಯೇ. ಹತ್ತಕ್ಕೆ ಐದು ನಿಮಿಷವಿದ್ದಾಗ ಲೈಬ್ರರಿ ಮುಂದೆ ಇಳಿಸಿದ.

"ಸಂಜೆ ಬಿಚ್ಚಿ, ತೊಳೆದು, ತೆಳು ಗ್ರೀಸ್ ಹಾಕ್ತೀನಿ."

"ನೀವು ಮುಟ್ಟೋದು ಬೇಡ. ಹೇಳಿಕೊಡಿ, ನಾನೇ ಬಿಚ್ತೀನಿ."

ಸಂಜೆ ಲೈಬ್ರರಿಯ ಕಟ್ಟೆಯ ಮೇಲೆ ಕೂತು ಸ್ಪ್ಯಾನರ್ ಹಿಡಿದೆ. ಅವನು ಬೆರಳು ತೋರಿಸುತ್ತಿದ್ದ, ನಾನು ತಿರುಗಿಸುತ್ತಿದ್ದೆ. ಡೀಸೆಲ್‌ನಲ್ಲಿ ಗೇರಿನ ಹಲ್ಲುಗಳನ್ನು ಉಜ್ಜುವಾಗ ಕೆನ್ನೆಗೆ ಮಸಿ ಹತ್ತಿತು. ಒರೆಸಲು ಅವನ ಕೈ ಮೇಲೆದ್ದು, ಅರ್ಧಕ್ಕೇ ನಿಂತು, ಕೆಳಗಿಳಿಯಿತು. ನಾನು ನೋಡದವಳಂತೆ ತೆಳು ಗ್ರೀಸ್ ತುಂಬಿ ಬೋಲ್ಟ್ ಬಿಗಿದೆ.

ಬಿಚ್ಚುವ ಮೊದಲು ಚಕ್ರ ಸುಮ್ಮನೆ ತಿರುಗುವುದಕ್ಕೇ ಆರು ಆಂಪ್ಸ್ ಕರೆಂಟ್ ಎಳೆಯುತ್ತಿದೆ ಎಂದು ತೋರಿಸಿದ್ದ ಅವನ ಮೀಟರ್ ಈಗ ಮೂರು ತೋರಿಸಿತು. ಗುರ್ ಸದ್ದು ಮಾತ್ರ ವಾಪಸ್ ಬಂದಿತ್ತು. ನೋಡುವವರು ನೋಡಲಿ ಅಂದುಕೊಂಡೆ.

"ಇನ್ನು ನನ್ನನ್ನ ಕರೆಯೋ ಅಗತ್ಯ ಇಲ್ಲ ನಿಮಗೆ," ಅಂದು ಪೆಟ್ಟಿಗೆ ಎತ್ತಿಕೊಂಡ. ನಾನು ತಡೆಯಲಿಲ್ಲ.

ಒಂಬತ್ತು ದಿನ ಚೇರ್ ಎಲ್ಲೂ ನಿಲ್ಲಲಿಲ್ಲ. ಒಂಬತ್ತು ದಿನವೂ ಆಲ್ಕೊಳ ಸರ್ಕಲ್ ದಾಟುವಾಗ ಅವನ ಆಟೋ ಹುಡುಕಿದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಹತ್ತನೇ ದಿನ ಫೋನ್ ಮಾಡಿದೆ.

"ಎಲ್ಲಿ ನಿಂತಿದೆ? ಈಗ್ಲೇ ಬರ್ತೀನಿ," ಅಂದ, ಹಲೋ ಕೂಡ ಹೇಳದೆ.

"ಎಲ್ಲೂ ನಿಂತಿಲ್ಲ. ಚಾರ್ಜ್ ಫುಲ್ ಇದೆ."

ಆ ಕಡೆ ಪೆಟ್ಟಿಗೆಗೆ ಸ್ಪ್ಯಾನರ್ ತುಂಬುತ್ತಿದ್ದ ಸದ್ದು ನಿಂತಿತು.

"ಸ್ಪ್ಯಾನರ್ ಅಲ್ಲೇ ಇಟ್ಟು ಬಾ, ಮಾರಾಯ."